ಎಂಜಿನ್ ನಮ್ಮದು, ಬಾಡಿ ಮಾಸ್ತರರದು

2019ರ ನವೆಂಬರ್ ತಿಂಗಳು. ಹುಬ್ಬಳ್ಳಿಯಲ್ಲಿ ಅಪ್ಪನ ಕಣ್ಣು ತೋರಿಸಿಕೊಂಡು ಗದಗಿಗೆ ವಾಪಸು ಬರುತ್ತಿದ್ದೆವು. ಗಾಡಿ ನಾನೇ ಓಡಿಸುತ್ತಿದ್ದೆ. ಅಣ್ಣಿಗೇರಿ ದಾಟಿ ಸ್ವಲ್ಪ ದೂರ ಬಂದಿದ್ದೆವು, ಅಷ್ಟೇ. ಹೊತ್ತು ಮುಳುಗಿತ್ತು, ಪೂರ್ತಿ ಕತ್ತಲಾಗಿರಲಿಲ್ಲ. ಎದುರಿಗೆ ಒಂದು ಬಸ್ಸು ಬಂತು, ಅದರ ಲೈಟು ಕಣ್ಣಿಗೆ ಹೊಡೆಯಿತು. ಬಸ್ಸು ದಾಟಿತು ಅನ್ನುವಷ್ಟರಲ್ಲಿ ಮುಂದೆ ಹತ್ತಿ ಅಂಡಿಗೆ ಹೇರಿದ ಟ್ರ್ಯಾಕ್ಟರ್. ಟ್ರೇಲರ್ ಹಿಂದೆ ದೀಪವಿಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಬ್ರೇಕ್ ಒತ್ತಿ ಬಲಕ್ಕೆ ಎಳೆದೆ. ಗಾಡಿಯ ಎಡಗಡೆ ಮೂತಿ ಟ್ರೇಲರ್ ಮೂಲೆಗೆ ಹೋಗಿ ಕೂತಿತು.

ಇಬ್ಬರೂ ಬೆಲ್ಟ್ ಹಾಕಿದ್ದೆವು. ಅಪ್ಪನ ಮೊಣಕಾಲಿಗೆ ಪೆಟ್ಟಾಯಿತು. ನನ್ನ ಎದೆಯ ಮೇಲೆ ಬೆಲ್ಟಿನ ಗೆರೆ ಎರಡು ವಾರ ಉಳಿದಿತ್ತು. ನಾನು ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದೆ. ಅಪ್ಪನೇ ಹೇಳಿದ್ದು, "ಗಾಡಿ ಯಾವಾಗರ ಮಾಡಿಸಿದ್ರಾತು, ನೀ ಮೊದ್ಲ ಕೆಳಗ ಇಳಿ."

ಟ್ರ್ಯಾಕ್ಟರಿನವನ ಜೊತೆ ಆದ ಮಾತುಕತೆ, ಊರ ಹಿರಿಯರು ಬಂದಿದ್ದು, ಅದೆಲ್ಲ ಇಲ್ಲಿ ಬೇಡ. ನೆಂಟರ ಮಾತೂ ಬೇಡ. "ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ" ಅಂದವರಲ್ಲಿ ಅರ್ಧ ಜನಕ್ಕೆ ಗಾಡಿ ಓಡಿಸಲು ಬರುವುದಿಲ್ಲ.

ಗಾಡಿ ಅಂದರೆ ಮಾರುತಿ 800. ಬಿಳಿ ಬಣ್ಣ, 2003ರದು. ಅಪ್ಪ ನಿವೃತ್ತಿಯಾದಾಗ ಬಂದ ಪಿಎಫ್ ದುಡ್ಡಿನಲ್ಲಿ ತಗೊಂಡಿದ್ದು. 15 ವರ್ಷ ಮುಗಿದ ಮೇಲೆ 2018ರಲ್ಲಿ ಆರ್‌ಸಿ ನವೀಕರಿಸಿದ್ದೆವು. ಅದೇ ವರ್ಷ ಎಂಜಿನ್ ಬಿಚ್ಚಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದ್ದೆವು. ನಾಲ್ಕೂ ಟೈರ್ ಹೊಸವು. ನಮ್ಮ ಸಂಕಟವೇ ಇದು. ಹಳೇ ಗಾಡಿ, ಆದರೆ ಎಂಜಿನ್ ಮಾತ್ರ ಒಂದು ವರ್ಷದ ಕೂಸು.

ವಿಮೆ ಇತ್ತು, ಥರ್ಡ್ ಪಾರ್ಟಿ ಮಾತ್ರ. ನಮ್ಮ ಗಾಡಿಯ ಹಾನಿಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ವಿಮಾ ಸರ್ವೇಯರ್ ಆಗಿರುವ ಪರಿಚಯದವರೊಬ್ಬರು ಒಂದು ಅಳತೆಗೋಲು ಹೇಳಿಕೊಟ್ಟರು. ಪೂರ್ತಿ ವಿಮೆ ಇದ್ದ ಗಾಡಿಯಲ್ಲಿ ರಿಪೇರಿ ಖರ್ಚು ಐಡಿವಿಯ, ಅಂದರೆ ವಿಮೆ ಪತ್ರದಲ್ಲಿ ಬರೆದ ಗಾಡಿ ಬೆಲೆಯ, ನೂರಕ್ಕೆ 75 ದಾಟಿದರೆ ಕಂಪನಿಯವರು ರಿಪೇರಿಗೆ ಹೋಗುವುದೇ ಇಲ್ಲ, ಟೋಟಲ್ ಲಾಸ್ ಅಂತ ಬರೆದುಬಿಡುತ್ತಾರೆ. "ಹತ್ತು ವರ್ಷ ದಾಟಿದ ಗಾಡಿಗೆ ಕಬ್ಬಿಣದ ಭಾಗಕ್ಕೆ ಅರ್ಧ ಬೆಲೆ ಕಡಿತ ಮಾಡ್ತಾರ, ಪ್ಲಾಸ್ಟಿಕ್ ರಬ್ಬರಿಗೂ ಅರ್ಧ. ನಿಮಗ ಪೂರ್ತಿ ವಿಮೆ ಇದ್ದಿದ್ರೂ ಕೈಗೆ ಹತ್ತೂದು ಅಷ್ಟಕ್ಕಷ್ಟರೀ" ಅಂದರು. ಸಮಾಧಾನಕ್ಕೆ ಹೇಳಿದರೋ, ಹೊಟ್ಟೆ ಉರಿಸಲು ಹೇಳಿದರೋ ಗೊತ್ತಾಗಲಿಲ್ಲ. ನಮ್ಮ ಗಾಡಿಯ ಅಪಘಾತದ ಹಿಂದಿನ ದಿನದ ಬೆಲೆ ಹೆಚ್ಚೆಂದರೆ 50 ಸಾವಿರ. ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಕೊಟ್ಟ ಅಂದಾಜು 68 ಸಾವಿರ. ಅದೂ "ಬಿಚ್ಚಿದ ಮೇಲೆ ಜಾಸ್ತಿ ಆಗಬಹುದು" ಅನ್ನುವ ಷರತ್ತಿನ ಜೊತೆ. ಈ ಲೆಕ್ಕದಲ್ಲಿ ಗಾಡಿ ಅವತ್ತೇ ಸತ್ತಿತ್ತು.

ಆದರೆ ಅಪ್ಪ ಒಪ್ಪಬೇಕಲ್ಲ. ಎಡ ಮುಂದಿನ ಗಾಲಿ ಒಳಕ್ಕೆ ಹೊಕ್ಕಿದ್ದರಿಂದ ಟೋಚನ್ ಹಾಕಿ ಎಳೆದು ತರುವ ಹಾಗಿರಲಿಲ್ಲ. ಕ್ಯಾಂಟರ್ ಮೇಲೆ ಹಾಕಿಸಿ ಹಳೇ ಹುಬ್ಬಳ್ಳಿಯ ಒಂದು ಸಣ್ಣ ಗ್ಯಾರೇಜಿಗೆ ಕಳಿಸಿದೆವು. ಎಂಜಿನ್ ಬೋರ್ ಕೆಲಸ ಮಾಡಿದವರೂ ಅವರೇ. ಅರವತ್ತು ದಾಟಿದ ಮೇಸ್ತ್ರಿ. ಬಾಯಲ್ಲಿ ಯಾವಾಗಲೂ ಅಡಿಕೆ, ಮಾತು ಕಡಿಮೆ.

ನಾನು ಹೋದಾಗ ಅವರು ಗಾಡಿಯ ಮುಂದೆ ನಿಂತಿರಲಿಲ್ಲ, ಪಕ್ಕದಲ್ಲಿ ನಿಂತಿದ್ದರು. ಎಡಗಡೆ ಬಾಗಿಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಬಾಗಿಲು ಮೇಲ್ತುದಿಯಲ್ಲಿ ತಾಗುತ್ತಿತ್ತು. ಆಮೇಲೆ ಚಾವಣಿಯ ಮೇಲೆ ಅಂಗೈ ಆಡಿಸಿದರು. ನನ್ನ ಕೈ ಹಿಡಿದು ಅದೇ ಜಾಗದ ಮೇಲೆ ಇಡಿಸಿದರು. ಕಣ್ಣಿಗೆ ಕಾಣದ ಒಂದು ಸಣ್ಣ ಅಲೆ ಕೈಗೆ ತಾಗಿತು. ಪೆಟ್ಟು ಬಿದ್ದಿದ್ದು ಮೂತಿಗೆ, ಅಲೆ ಎದ್ದಿದ್ದು ತಲೆಯ ಮೇಲೆ.

ನಾನು ಎಂಜಿನ್ ಹೇಗಿದೆ ಅಂತ ಕೇಳಿದೆ.

"ಅಕ್ಕಾರ, ನೀವು ಎಂಜಿನ್ ನೋಡಾಕತ್ತೀರಿ. ನಾ ತಗಡು ನೋಡಾಕತ್ತೀನಿ."

ಲಾರಿಗೆ ಕೆಳಗೆ ಬೇರೆ ಚಾಸಿ ಇರುತ್ತದೆ, ಅದರ ಮೇಲೆ ಬಾಡಿ ಕಟ್ಟುತ್ತಾರೆ. ಮಾರುತಿ 800ರಲ್ಲಿ ಹಾಗಿಲ್ಲ. ತೆಳು ತಗಡನ್ನು ಮಡಚಿ, ಚುಕ್ಕಿ ಚುಕ್ಕಿಯಾಗಿ ಬೆಸೆದು ಒಂದು ಪೆಟ್ಟಿಗೆ ಮಾಡಿರುತ್ತಾರೆ. ಆ ಪೆಟ್ಟಿಗೆಯೇ ಚಾಸಿ. ಎಂಜಿನ್, ಗೇರ್‌ಬಾಕ್ಸ್, ಗಾಲಿ ಎಲ್ಲ ಅದಕ್ಕೇ ಜೋತುಬಿದ್ದಿರುತ್ತವೆ. ಮುಂದಿನ ಶಾಕ್ ಅಬ್ಸಾರ್ಬರ್‌ನ ತಲೆ ಬಂದು ಕೂರುವ ಗೂಡೂ ಆ ತಗಡಿನದೇ. ಆ ಗೂಡು ಸರಿದರೆ ಗಾಲಿ ನಿಲ್ಲುವ ಕೋನವೇ ಬದಲಾಗುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಸರಿಯಾಗುವುದಿಲ್ಲವೇ ಅಂದೆ. ಈ ಗಾಡಿಯಲ್ಲಿ ಮುಂದಿನ ಗಾಲಿಗೆ ಟೋ, ಅಂದರೆ ಗಾಲಿಯ ಮೂತಿ ನೇರಕ್ಕಿದೆಯೋ ಓರೆಗಿದೆಯೋ ಅನ್ನುವುದು, ಅದೊಂದನ್ನೇ ತಿರುಗಿಸಿ ಸರಿ ಮಾಡಲು ಬರುವುದು. ಗಾಲಿ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅಲ್ಲಿ ತಿರುಗಿಸಲು ಬೋಲ್ಟೇ ಇಲ್ಲ. ಟೈರ್ ಒಂದೇ ಕಡೆ ತಿಂದುಕೊಳ್ಳುತ್ತದೆ, ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ಮೇಸ್ತ್ರಿ ಟೇಪು ತಂದರು. ಎಡ ಗೂಡಿನ ಬೋಲ್ಟಿನಿಂದ ಬಲಗಡೆ ಬಾನೆಟ್ ಹಿಂಜಿನ ಬೋಲ್ಟಿಗೆ ಓರೆಯಾಗಿ ಒಂದು ಅಳತೆ. ಬಲ ಗೂಡಿನಿಂದ ಎಡ ಹಿಂಜಿಗೆ ಇನ್ನೊಂದು. ಪಾಯ ಹಾಕುವಾಗ ಗೌಂಡಿ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತಾನಲ್ಲ, ಅದೇ ಲೆಕ್ಕ. ಎರಡೂ ಒಂದೇ ಬರಬೇಕು. ಅಂಗಳದಲ್ಲಿ ಸರ್ವಿಸಿಗೆ ಬಂದ ಬೇರೊಂದು 800 ನಿಂತಿತ್ತು. ಮೊದಲು ಅದನ್ನು ಅಳೆದು ತೋರಿಸಿದರು. ವ್ಯತ್ಯಾಸ 2 ಮಿಲಿಮೀಟರ್. ನಮ್ಮದರಲ್ಲಿ 26.

ಅಪ್ಪ ಟೇಪನ್ನು ಕಸಿದುಕೊಂಡು ತಾವೇ ಅಳೆದರು. 27 ಬಂತು.

ಆಮೇಲೆ ಚಹಾ ತರಿಸಿ, ಮಿರ್ಚಿ ತಿನ್ನುತ್ತ ಯೋಚನೆ ಮಾಡಿದೆವು. ತಗಡನ್ನು ಸರಪಳಿ ಹಾಕಿ ಎಳೆಯುವ ಯಂತ್ರ ಇರುವ ಕಡೆ ಗಾಡಿ ಒಯ್ದು ಎಳೆಸಬಹುದು. 68 ಸಾವಿರದ ಅಂದಾಜು ಅದಕ್ಕೇ. ಹೊಸ ಗಾಡಿಯಾದರೆ ಮೇಸ್ತ್ರಿ ಅದನ್ನೇ ಮಾಡಿಸಿ ಅನ್ನುತ್ತಿದ್ದರಂತೆ. ಆದರೆ 16 ವರ್ಷದ ತಗಡು, ಒಳಗೊಳಗೇ ತುಕ್ಕು ಹಿಡಿದಿರುತ್ತದೆ. ಎಳೆದರೆ ಬಾಗಿದ ಕಡೆ ನೆಟ್ಟಗಾಗುವ ಬದಲು ತುಕ್ಕಿದ್ದ ಕಡೆ ಹರಿಯುತ್ತದೆ. ಗ್ಯಾರಂಟಿ ಕೊಡುತ್ತೀರಾ ಅಂತ ಆ ವರ್ಕ್‌ಶಾಪಿನಲ್ಲಿ ಕೇಳಿದಾಗ ಅವರು ಬೇರೆ ಕಡೆ ನೋಡಿದ್ದು ಆಗ ನೆನಪಾಯಿತು.

ಇನ್ನೊಂದು ದಾರಿಯನ್ನು ಗುಜರಿಯವನೊಬ್ಬ ಹೇಳಿದ. ಹಿಂದೆ ಗುದ್ದಿಸಿಕೊಂಡ ಒಂದು 800 ಅವನ ಹತ್ತಿರ ಇತ್ತು. ಅದರ ಮುಂದಿನ ಅರ್ಧ, ನಮ್ಮದರ ಹಿಂದಿನ ಅರ್ಧ. ಕತ್ತರಿಸಿ ಬೆಸೆದರೆ ಮುಗಿಯಿತು, 25 ಸಾವಿರ, ನಂಬರು ನಿಮ್ಮದೇ ಉಳಿಯುತ್ತದೆ ಅಂದ. ಅಪ್ಪನ ಮುಖ ಅರಳಿತು. ನನಗೂ ಒಂದು ಗಳಿಗೆ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಮೇಸ್ತ್ರಿ ಏನೂ ಅನ್ನಲಿಲ್ಲ. ಗ್ಯಾರೇಜಿನ ಹಿಂದೆ ಕರೆದುಕೊಂಡು ಹೋಗಿ ಹಾಗೆ ಬೆಸೆದಿದ್ದ ಒಂದು ಗಾಡಿ ತೋರಿಸಿದರು. ಬಾಗಿಲ ಕೆಳಗಿನ ಅಂಚಿನಲ್ಲಿ ಗ್ಯಾಸ್ ವೆಲ್ಡಿಂಗಿನ ಗೆರೆಯ ಗುಂಟ ತಗಡು ಹಪ್ಪಳದ ಹಾಗೆ ಎದ್ದಿತ್ತು. ಅಷ್ಟು ತೆಳುವಾದ ತಗಡಿಗೆ ಆ ಬೆಂಕಿ ತಾಗಿದರೆ ಸತ್ವ ಹೋಗುತ್ತದೆ, ಒಳಗಿನ ತುಕ್ಕು ತಡೆಯುವ ಲೇಪವೂ ಸುಟ್ಟು ಹೋಗುತ್ತದೆ. ಇನ್ನೊಂದು ವಿಷಯ. ಚಾಸಿ ನಂಬರು ಇರುವುದು ಎಂಜಿನ್ ಹಿಂದಿನ ತಗಡು ಗೋಡೆಯ ಮೇಲೆ. ಮುಂದಿನ ಅರ್ಧ ಅವನದಾದರೆ ಆ ಗೋಡೆ, ಆ ನಂಬರು ಎಲ್ಲ ಅವನ ಗಾಡಿಯದು. ಹಾಗಾದರೆ "ನಂಬರು ನಿಮ್ಮದೇ" ಹೇಗೆ? ನಮ್ಮ ನಂಬರಿನ ತುಂಡು ಕತ್ತರಿಸಿ ಅಲ್ಲಿ ಅಂಟಿಸುತ್ತಾನಂತೆ. ಅದು ಜೈಲಿಗೆ ಹೋಗುವ ಕೆಲಸ.

ಉಳಿದಿದ್ದು ಮೇಸ್ತ್ರಿ ಮನಸ್ಸಿನಲ್ಲಿ ಮೊದಲೇ ಇದ್ದ ದಾರಿ. ಎಂಜಿನ್ ಕೆಟ್ಟ, ಬಾಡಿ ಗಟ್ಟಿ ಇರುವ ಒಂದು 800 ಹುಡುಕುವುದು. ನಮ್ಮ ಎಂಜಿನ್ ಅದಕ್ಕೆ ಕೂರಿಸುವುದು. ಆಗ ಅದು ಆ ಗಾಡಿ. ನಮ್ಮ ಗಾಡಿ ಮುಗಿಯಿತು. "ಎಂಜಿನ್ ಅನ್ನೂದು ಒಂದು ಸಾಮಾನ್ರಿ, ಟೈರ್ ಇದ್ದಂಗ. ಗಾಡಿ ಅಂದ್ರ ತಗಡು" ಅಂದರು.

ಬೆಂಗಳೂರಿನಿಂದ ನನ್ನ ತಮ್ಮ ಫೋನ್ ಮಾಡಿ ಇನ್ನೊಂದು ಪ್ರಶ್ನೆ ಕೇಳಿದ. "ಅಕ್ಕಾ, ಐವತ್ತು ಸಾವಿರಕ್ಕ ಓಡೋ ಗಾಡೀನ ಸಿಗತೈತಿ. ಯಾಕ ಈ ಎಲ್ಲಾ ಉಸಾಬರಿ?" ಅವನಿಗೆ ನಾನು ಕೊಟ್ಟ ಉತ್ತರ, ಬೇರೆಯವರ ಎಂಜಿನ್ ಒಳಗೆ ಏನಿದೆಯೋ ಯಾರಿಗೆ ಗೊತ್ತು, ನಮ್ಮದನ್ನು ಬಿಚ್ಚಿ ನೋಡಿದ್ದೇವೆ ಅಂತ. ಉತ್ತರ ಅರ್ಧ ನಿಜ. ಇನ್ನರ್ಧ ಏನೆಂದರೆ, ಆ ಗಾಡಿ ಗುದ್ದಿದವಳು ನಾನು. ಅಪ್ಪನ ಗಾಡಿಯಲ್ಲಿ ಏನಾದರೂ ಉಳಿಸಿಕೊಡಬೇಕು ಅನ್ನಿಸಿತ್ತು.

ಗಾಡಿ ಸಿಕ್ಕಿದ್ದು ಹಾವೇರಿಯಲ್ಲಿ. ನಿವೃತ್ತ ಮಾಸ್ತರರೊಬ್ಬರ ಮನೆ ಹಿತ್ತಲು, ಬೇವಿನ ಮರದ ಕೆಳಗೆ. 2006ರ ಗಾಡಿ, ಬೆಳ್ಳಿ ಬಣ್ಣ. ನೀರು ಕಡಿಮೆಯಾಗಿದ್ದು ಗೊತ್ತಾಗದೆ ಓಡಿಸಿ, ಹೆಡ್ ಗ್ಯಾಸ್ಕೆಟ್ ಹೋಗಿ, ಹಾಗೇ ನಿಲ್ಲಿಸಿ ಮೂರು ವರ್ಷ. ಸಿಲಿಂಡರಿಗೆ ನೀರು ಇಳಿದು ಎಂಜಿನ್ ಜಾಮ್. ಮಾಸ್ತರರ ಪತ್ನಿ ಅದರ ಬಾನೆಟ್ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಬ್ಯಾಡಗಿ ಪಕ್ಕದ ಊರಲ್ಲಿ ಚಪ್ಪಟೆ ಜಾಗ ಯಾವುದೂ ಖಾಲಿ ಇರುವುದಿಲ್ಲ.

ಮೇಸ್ತ್ರಿ ಕಿಸೆಯಿಂದ ಹಳೇ ಸ್ಪೀಕರಿನ ಅಯಸ್ಕಾಂತ ತೆಗೆದರು. ತೆಳು ಬಟ್ಟೆ ಸುತ್ತಿ ಗಾಡಿಯ ಮೈಮೇಲೆಲ್ಲ ಆಡಿಸಿದರು. ತಗಡಿದ್ದ ಕಡೆ ಕಚ್ಚಿಕೊಳ್ಳುತ್ತದೆ, ಪುಟ್ಟಿ ತುಂಬಿದ್ದ ಕಡೆ ಜಾರುತ್ತದೆ. ಬಲಗಡೆ ಹಿಂದಿನ ಚಕ್ರದ ಮೇಲೆ ಒಂದೇ ಕಡೆ ಜಾರಿತು. ಆಮೇಲೆ ಕಾಲಿನ ಕೆಳಗಿನ ಮ್ಯಾಟ್ ಎತ್ತಿಸಿದರು, ಬ್ಯಾಟರಿ ಕೂರುವ ತಟ್ಟೆ ನೋಡಿದರು, ಗೂಡುಗಳ ಸುತ್ತ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿದರು. ಕೊನೆಗೆ ಟೇಪು. ವ್ಯತ್ಯಾಸ 3 ಮಿಲಿಮೀಟರ್. ಎಂಜಿನ್ ಕಡೆ ಅವರು ತಿರುಗಿಯೂ ನೋಡಲಿಲ್ಲ. ಮಾಸ್ತರರಿಗೆ ಅದೇ ಆಶ್ಚರ್ಯ. 20 ಸಾವಿರ ಹೇಳಿದ್ದರು, 15 ಸಾವಿರಕ್ಕೆ ಒಪ್ಪಿದರು. ಮೆಣಸಿನಕಾಯಿ ಒಂದು ಚೀಲ ಪುಕ್ಕಟೆ ಬಂತು.

ಜನವರಿಯಲ್ಲಿ ಎರಡೂ ಗಾಡಿ ಗ್ಯಾರೇಜಿನಲ್ಲಿ ಅಕ್ಕಪಕ್ಕ ನಿಂತವು. ಯಾವುದರಿಂದ ಏನು ಅನ್ನುವ ಪಟ್ಟಿ ಮಾಡಿದ್ದೆವು. ಆ ಪಟ್ಟಿ ಮೊದಲ ದಿನವೇ ಕೆಟ್ಟಿತು. ನಮ್ಮ ಎಂಜಿನ್‌ಗೆ ಏನೂ ಆಗಿರಲಿಲ್ಲ. ಬೇರೆ ಬ್ಯಾಟರಿ ಹಾಕಿ ತಿರುಗಿಸಿ ಕಂಪ್ರೆಷನ್ ನೋಡಿದಾಗ ಮೂರೂ ಸಿಲಿಂಡರ್ ಹೆಚ್ಚೂಕಡಿಮೆ ಒಂದೇ ತೋರಿಸಿದವು. ಆದರೆ ಗೇರ್‌ಬಾಕ್ಸ್ ಇಳಿಸಿ ತೊಳೆದಾಗ ಅದರ ಒಂದು ಕಿವಿ ಸೀಳಿತ್ತು. ಅಲ್ಯೂಮಿನಿಯಂ, ಪೆಟ್ಟು ತಡೆಯುವುದಿಲ್ಲ. ಹೀಗಾಗಿ ಎಂಜಿನ್ ನಮ್ಮದು, ಗೇರ್‌ಬಾಕ್ಸ್ ಮಾಸ್ತರರದು. ಎರಡನ್ನೂ ಹೇಗಿದ್ದರೂ ಬಿಚ್ಚಿದ್ದೇವಲ್ಲ ಅಂತ ಕ್ಲಚ್ ಪ್ಲೇಟ್ ಹೊಸದು. ರೇಡಿಯೇಟರ್ ನಮ್ಮದು ಚಪ್ಪಟೆ, ಅವರದು ಕಟ್ಟಿಕೊಂಡಿತ್ತು. ಅದೂ ಹೊಸದು.

ವೈರಿಂಗ್ ಎಲ್ಲಕ್ಕಿಂತ ಹೆಚ್ಚು ಸತಾಯಿಸಿತು. ಇಬ್ಬರದೂ ಎಂಪಿಎಫ್‌ಐ ಗಾಡಿ. ಅದರಲ್ಲಿ ಪೆಟ್ರೋಲ್ ಎಷ್ಟು ಚಿಮ್ಮಬೇಕು ಅಂತ ಇಸಿಎಂ ಡಬ್ಬಿ ಹೇಳುತ್ತದೆ. ಎಂಜಿನ್ ಜೊತೆಗೆ ಅದರ ಡಬ್ಬಿ, ಅದರ ಸೆನ್ಸರ್, ಅದರ ವೈರಿಂಗ್ ಒಟ್ಟಿಗೇ ಬರಬೇಕು, ಒಂದು ಅಲ್ಲಿಂದ ಒಂದು ಇಲ್ಲಿಂದ ಅಂದರೆ ತಪ್ಪು ಎಲ್ಲಿದೆ ಅಂತ ಹುಡುಕುವುದೇ ಕೆಲಸವಾಗುತ್ತದೆ ಅಂತ ಮೇಸ್ತ್ರಿಯ ಹಟ. ಸರಿಯಾದ ಹಟವೇ. ಆದರೆ ನಮ್ಮ ವೈರಿಂಗ್ ಎಡಗಡೆ ಜಜ್ಜಿ ಹೋಗಿತ್ತು, ಅವರದನ್ನು ಇಲಿ ಕಡಿದಿತ್ತು. ಎಲೆಕ್ಟ್ರಿಷಿಯನ್ ಹುಡುಗ ಮೂರು ದಿನ ನೆಲದ ಮೇಲೆ ಕೂತು ಒಂದೊಂದೇ ಎಳೆ ಬೆಸೆದ. ಮೂರು ವರ್ಷ ನಿಂತ ಪೆಟ್ರೋಲ್ ಟ್ಯಾಂಕಿನಲ್ಲಿ ವಾರ್ನಿಶ್ ವಾಸನೆ ಹೊಡೆಯುತ್ತಿತ್ತು. ಟ್ಯಾಂಕ್ ಇಳಿಸಿ ತೊಳೆದು, ಒಳಗಿನ ಪಂಪು ನಮ್ಮದು ಹಾಕಿದರು. ನಾಲ್ಕೂ ಗಾಲಿಯ ಬ್ರೇಕ್ ಕಚ್ಚಿಕೊಂಡಿದ್ದವು. ಅವಕ್ಕೆ ಹೊಸ ಕಿಟ್. ಎಂಜಿನ್ ಎತ್ತಿ ಕೂರಿಸುವ ಕೆಲಸ, ನಾನು ದೊಡ್ಡದು ಅಂದುಕೊಂಡಿದ್ದು, ಚೈನ್ ಪುಲ್ಲಿ ಹಾಕಿ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಹಿಂದಿನ ಎಡ ಬಾಗಿಲು ಮಾತ್ರ ಒಂದೇ ಸಲಕ್ಕೆ ಹಾಕಿಕೊಳ್ಳುತ್ತಿರಲಿಲ್ಲ. ನಮ್ಮ ಗಾಡಿಯ ಲಾಕ್ ತೆಗೆದು ಹಾಕಿದರು. ಆದರೂ ಅಷ್ಟೇ.

ಕಾಗದದ ಕೆಲಸಕ್ಕೆ ಗಾಡಿ ಕೆಲಸಕ್ಕಿಂತ ಹೆಚ್ಚು ದಿನ ಹಿಡಿಯಿತು. ಮಾಸ್ತರರಿಂದ ನಮ್ಮ ಹೆಸರಿಗೆ ಬದಲಾಯಿಸಲು ಫಾರ್ಮ್ 29, 30. ಹಾವೇರಿಯಿಂದ ಗದಗಿಗೆ ತರಲು ಫಾರ್ಮ್ 28ರ ಎನ್‌ಒಸಿ. ಆಮೇಲೆ ಎಂಜಿನ್ ಬದಲಾವಣೆ. ಆರ್‌ಸಿಯಲ್ಲಿ ಚಾಸಿ ನಂಬರಿನ ಜೊತೆ ಎಂಜಿನ್ ನಂಬರೂ ಇರುತ್ತದೆ, ಹಾಗಾಗಿ ಸುಮ್ನೆ ಎತ್ತಿ ಹಾಕಿ ಓಡಿಸುವ ಹಾಗಿಲ್ಲ. ಆರ್‌ಟಿಒ ಅನುಮತಿ ಬೇಕು. ಎಂಜಿನ್ ಎಲ್ಲಿಂದ ಬಂತು ಅನ್ನುವುದಕ್ಕೆ ನಮ್ಮ ಹಳೇ ಆರ್‌ಸಿ, ಅಫಿಡವಿಟ್ ಎಲ್ಲ ಕೊಟ್ಟೆವು. ವಿಮೆಯವರಿಗೂ ತಿಳಿಸಿದೆವು. ಇದನ್ನು ಮಾಡಿಸದೆ ಓಡಿಸುವವರು ಬೇಕಾದಷ್ಟು ಜನ ಇದ್ದಾರೆ. ಅಪಘಾತವಾದ ದಿನ ವಿಮೆಯವರು ಎಂಜಿನ್ ನಂಬರು ನೋಡಿದರೆ ಗೊತ್ತಾಗುತ್ತದೆ.

ನಮ್ಮ ಬಿಳಿ ಗಾಡಿಯನ್ನು ಕಾಗದದಲ್ಲೂ ಸಾಯಿಸಬೇಕಿತ್ತು. ಗಾಡಿ ಮತ್ತೆ ಓಡದ ಹಾಗೆ ಆದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದು ನಮಗೆ ಗೊತ್ತಾಗಿದ್ದು ತಡವಾಗಿ. ಚಾಸಿ ನಂಬರು ಇದ್ದ ತಗಡಿನ ತುಂಡನ್ನು ಕತ್ತರಿಸಿ ಒಪ್ಪಿಸಿ ಆರ್‌ಸಿ ರದ್ದು ಮಾಡಿಸಿದೆವು. ಹಾಗೇ ಗುಜರಿಗೆ ಕೊಟ್ಟಿದ್ದರೆ ಆ ನಂಬರು ಯಾವ ಕಳ್ಳ ಗಾಡಿಯ ಮೇಲೆ ಎದ್ದು ಬರುತ್ತಿತ್ತೋ. ಉಳಿದ ತಗಡು 310 ಕಿಲೋ ತೂಗಿತು. ಕಿಲೋಗೆ 20ರಂತೆ 6,200 ರೂಪಾಯಿ. ತೂಕ ಹಾಕುವಾಗ ಅಪ್ಪ ಬರಲಿಲ್ಲ, ಬಿಸಿಲು ಅಂದರು.

ಬೆಳ್ಳಿ ಗಾಡಿಯನ್ನು ಇನ್‌ಸ್ಪೆಕ್ಟರ್ ನೋಡುವ ದಿನ 2020ರ ಮಾರ್ಚ್ 26 ಅಂತ ನಿಗದಿಯಾಗಿತ್ತು. 25ರಿಂದ ದೇಶವೇ ಬಂದ್. ಸಿದ್ಧವಾದ ಗಾಡಿ ಹುಬ್ಬಳ್ಳಿಯಲ್ಲಿ, ನಾವು ಗದಗಿನಲ್ಲಿ. ಮೇಸ್ತ್ರಿಯ ಮನೆ ಗ್ಯಾರೇಜಿನ ಮೇಲೆಯೇ ಇದ್ದದ್ದು ಪುಣ್ಯ. ಮೂರು ದಿನಕ್ಕೊಮ್ಮೆ ಕೆಳಗೆ ಇಳಿದು ಸ್ಟಾರ್ಟ್ ಮಾಡಿ, ಫೋನನ್ನು ಬಾನೆಟ್ ಹತ್ತಿರ ಹಿಡಿದು ಅಪ್ಪನಿಗೆ ಸದ್ದು ಕೇಳಿಸುತ್ತಿದ್ದರು. ಮೂರು ಸಿಲಿಂಡರಿನ ಆ ಸದ್ದು ಕೇಳಿ ಅಪ್ಪ "ಟ್ಯಾಪೆಟ್ ಸ್ವಲ್ಪ ಮಾತಾಡಾಕತ್ತೈತಿ" ಅನ್ನುತ್ತಿದ್ದರು. ಜೂನ್‌ನಲ್ಲಿ ಇನ್‌ಸ್ಪೆಕ್ಟರ್ ಬಂದು ಎರಡೂ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಂಡರು. ಹತ್ತು ನಿಮಿಷದ ಕೆಲಸ.

ಲೆಕ್ಕ ಹೇಳಿಬಿಡುತ್ತೇನೆ. ಬಾಡಿ 15 ಸಾವಿರ, ಹಾವೇರಿಯಿಂದ ತಂದಿದ್ದು ಮೂರೂವರೆ, ಕೂಲಿ 14, ಸಾಮಾನು ಹದಿನಾರೂವರೆ, ಕಾಗದಪತ್ರ 5. ಒಟ್ಟು 54 ಸಾವಿರ. ಗುಜರಿ ದುಡ್ಡು ಕಳೆದರೆ 47,800. ನಾವು ಅಂದುಕೊಂಡಿದ್ದು 35. ತಮ್ಮ ಹೇಳಿದ ಓಡೋ ಗಾಡಿಯ ಬೆಲೆಗೂ ನಮ್ಮದಕ್ಕೂ ಹೆಚ್ಚು ಅಂತರ ಉಳಿಯಲಿಲ್ಲ. ಅವನು ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ. ಎಂಜಿನ್ ಅಷ್ಟು ಹೊಸದಾಗಿ ಇರದಿದ್ದರೆ, ಅಥವಾ ನಂಬುವ ಮೇಸ್ತ್ರಿ ಇರದಿದ್ದರೆ, ನಾನೂ ಅವನ ಮಾತನ್ನೇ ಕೇಳುತ್ತಿದ್ದೆ. ಒಂದು ಕಡೆ ಮಾತ್ರ ಅದೃಷ್ಟ. ಈ ಗಾಡಿಗೆ 2021ರಲ್ಲಿ 15 ವರ್ಷ ತುಂಬಿತು. ಆಗ ನವೀಕರಣ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು.

ಅಪ್ಪನಿಗೆ ಕೆಎ-26 ಹೋಗಿ ಕೆಎ-27 ಬಂದಿದ್ದು ಮೊದಮೊದಲು ಕಿರಿಕಿರಿ ಆಗಿತ್ತು. ಗದಗಿನವನ ಮನೆ ಮುಂದೆ ಹಾವೇರಿ ಗಾಡಿ. ಆಮೇಲೆ ಅವರೇ ಒಂದು ಸಮಾಧಾನ ಹುಡುಕಿಕೊಂಡರು. ಎರಡೂ ಜಿಲ್ಲೆ 1997ರಲ್ಲಿ ಧಾರವಾಡದಿಂದ ಒಡೆದಿದ್ದು. "ಎಲ್ಲಾ ಧಾರವಾಡನ, ಬಿಡು."

2023ರಲ್ಲಿ ಮಾಸ್ತರರು ಒಂದು ಮದುವೆಗೆ ಅಂತ ಗದಗಿಗೆ ಬಂದವರು ನಮ್ಮ ಮನೆಗೂ ಬಂದರು. ಚಹಾ ಕುಡಿಯುವ ಮೊದಲು ಗಾಡಿ ನೋಡುತ್ತೇನೆ ಅಂದರು. ಅಪ್ಪ ಬಾನೆಟ್ ಎತ್ತಿ, "ನಮ್ಮ ಗಾಡಿ ಈಗೂ ಲೀಟರಿಗೆ ಹದಿನೇಳು ಕೊಡತೈತ್ರಿ" ಅಂದರು. ಮಾಸ್ತರರು ಚಾವಣಿಯ ಮೇಲೆ ಕೈ ಆಡಿಸುತ್ತ, "ನಮ್ಮ ಗಾಡೀನ ನೀವು ಚಲೋ ಇಟ್ಟೀರಿ" ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮಾಸ್ತರರು ಹಿಂದಿನ ಎಡ ಬಾಗಿಲ ಹತ್ತಿರ ಹೋಗಿ ನಿಂತರು. "ಇದನ್ನ ಈಗೂ ಎರಡು ಸಲ ಹಾಕಬೇಕೇನ್ರಿ?"

"ಎರಡು ಸಲರೀ" ಅಂದರು ಅಪ್ಪ.